ಕುಬಸದ ಬಳೆಗಳು

ಬಸುರಿ ವಾಂತಿ ಮಾಡಿಕೊಂಡರೆ ಯಾರು ಯಾಕೆ ಅಂತ ಕೇಳುತ್ತಾರೆ? ನನಗೆ ಅದೇ ಅನುಕೂಲವಾಗಿತ್ತು. ದಪ್ಪಗಾಗುವ ಭಯ ಕಾಲೇಜಿನಿಂದಲೂ ಬೆನ್ನು ಹತ್ತಿತ್ತು; ಉಂಡದ್ದನ್ನು ಗಂಟಲಿಗೆ ಬೆರಳು ಹಾಕಿ ಕಕ್ಕಿಬಿಡುತ್ತಿದ್ದೆ. ಮದುವೆಯಾಗಿ ಬೀದರಿನ ಚಿದ್ರಿಗೆ ಬಂದ ಮೇಲೂ ಅದು ಬಿಡಲಿಲ್ಲ. ಹೊಟ್ಟೆ ಕಾಣತೊಡಗಿದಾಗಲಂತೂ ಕನ್ನಡಿ ಕಂಡರೆ ಮೈ ಉರಿಯುತ್ತಿತ್ತು. ಭಾಲ್ಕಿಯಿಂದ ಅತ್ತೆ ಫೋನಿನಲ್ಲಿ, "ವಾಂತಿ ಆಗ್ತಾವಂದ್ರ ಕೂಸು ಗಟ್ಟಿ ಅದ ಬಿಡು," ಎಂದು ಖುಷಿಪಡುತ್ತಿದ್ದರು. ಕೂಸು ಗಟ್ಟಿ ಇರಲಿಲ್ಲ. ಸರಿಯಾಗಿ ಬೆಳೆಯುತ್ತಿಲ್ಲ ಎಂದು ಡಾಕ್ಟರು ಹೇಳಿದ ದಿನ ಗಳಗಳನೆ ಅತ್ತುಬಿಟ್ಟೆ. ಅತ್ತ ಮೇಲೂ ಬೆರಳು ಹಾಕಿದೆ.

ಐದು ತಿಂಗಳಿಗೆ ಭಾಲ್ಕಿಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಔರಾದ್‌ನಿಂದ ಅವ್ವ ಬುಟ್ಟಿ ತುಂಬ ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ತಂದಳು. ಎರಡೂ ಕೈಗೆ ಹಸಿರು ಬಳೆ ಏರಿಸಿದರು. ಬಂದ ಹೆಂಗಸರೆಲ್ಲ ಒಂದೊಂದು ತುತ್ತು ಬಾಯಿಗಿಟ್ಟರು. ಕುಬಸದ ತುತ್ತಿಗೆ ಒಲ್ಲೆ ಅನ್ನುವಂತಿಲ್ಲ. ನಗುನಗುತ್ತಲೇ ನುಂಗಿ, ಹಿತ್ತಲಿನ ಬಚ್ಚಲಿಗೆ ಓಡಿದೆ.

ಹೊರಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ತಾನಾಗಿ ಬರೋ ವಾಂತಿಗಿ ಕೈಯಾಗಿನ ಬಳಿ ಯಾಕ ಸಪ್ಪಳ ಮಾಡ್ತಾವ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ದಪ್ಪ ಆಗ್ತೇನಿ ಅಂತ ಅಂಜಿಕಿ ಆಗ್ತದ್ರಿ. ಬಿಡಬೇಕಂದ್ರೂ ಆಗವಲ್ದ್ರಿ."

"ಹುಚ್ಚಿ! ಹೊಟ್ಟ್ಯಾಗಿನ ಕೂಸು ಏನ್ ಗಾಳಿ ಕುಡೀಬೇಕಾ?" ಎಂದು ಗದರಿದರು. ಆಮೇಲೆ ತಮ್ಮ ಸೆರಗಿನಿಂದ ನನ್ನ ಬಾಯಿ ಒರೆಸಿದರು.

ಮರುದಿನವೇ ನನ್ನ ಜೊತೆ ಬೀದರಿಗೆ ಹೊರಟರು. ಡಾಕ್ಟರು ನಮ್ಮನ್ನು ಮನೋವೈದ್ಯರ ಬಳಿ ಕಳಿಸಿದರು. ಇದು ಹಟವಲ್ಲ, ಕಾಯಿಲೆ ಎಂದು ಮೊದಲ ಸಲ ಕೇಳಿ ಜೀವ ಹಗುರಾಯಿತು. ಆದರೆ ಉಂಡ ಮೇಲಿನ ಹೊತ್ತು ಕಳೆಯುವುದೇ ಕಷ್ಟ. ಅದಕ್ಕೆ ಅತ್ತೆ ಚಿದ್ರಿಯಲ್ಲೇ ಉಳಿದು ತಮ್ಮದೇ ಕಾನೂನು ಮಾಡಿದರು: "ಬಚ್ಚಲ ಬಾಗಲ ಹಾಕ್ಕೊ, ಬ್ಯಾಡ ಅನ್ನಲ್ಲ. ಆದ್ರ ಒಳಗ ಮಾತಾಡ್ಕೋತ ಇರು."

ಸಿಟ್ಟು ನೆತ್ತಿಗೇರುತ್ತಿತ್ತು. ನಾನೇನು ಕೈದಿಯೇ? ನೆರೆಮನೆಯವಳ ಸೀರೆ, ಜನವಾಡದ ಬಸ್ಸಿನ ನೂಕಾಟ, ಬಾಯಿಗೆ ಬಂದದ್ದನ್ನೆಲ್ಲ ಒದರುತ್ತಿದ್ದೆ. ಅವರು ಹೊರಗೆ ಕುಂತು ಹೂಂ, ಹೂಂ ಅನ್ನುತ್ತಿದ್ದರು. ಕೆಲವು ದಿನ ಸೋತೆ. ಮಾತು ನಿಂತ ಕೂಡಲೇ ಅವರಿಗೆ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಹೀಗೇ ಹರಟುತ್ತಿದ್ದವಳು ನಡುವೆಯೇ ಸುಮ್ಮನಾದೆ. ಅತ್ತೆ ಬಾಗಿಲು ದಬದಬ ಬಡಿದರು.

"ಏ, ಯಾಕ ಸುಮ್ನಾದಿ?"

"ಅತ್ತಿ, ಕೂಸು ಒದೀತ್ರಿ."

ಅತ್ತೆ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಾಯಿ ಹಚ್ಚಿದರು. "ಉಂಡಿದ್ದು ಅದಕ ಮುಟ್ಯಾದ. ಬಾ ಹೊರಗ, ಇನ್ನೊಂದು ರೊಟ್ಟಿ ತಿನ್ನು."

ಅಂಜುತ್ತಲೇ ತಿಂದೆ.