ಚಿಂತೆಗೆ ಹಾಕಿದ ಕುರ್ಚಿ

ಕೋವಿಡ್ ಮುಗಿದು ಎರಡನೇ ವರ್ಷ. ಧಾರವಾಡದ ಒಂದು ಆಸ್ಪತ್ರೆಯಲ್ಲಿ ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ರಿಟೈರ್ ಆಗಲು ಎಂಟು ತಿಂಗಳು ಉಳಿದಿತ್ತು. ಓಪಿಡಿಯ ಕೊನೆಯ ಕೋಣೆ ನನ್ನದು. ಪಕ್ಕದಲ್ಲೇ ಹಲ್ಲಿನ ಡಾಕ್ಟರು ಇದ್ದುದರಿಂದ ಕೆಲವರು ಬಾಯಿ ತೆರೆದುಕೊಂಡೇ ನನ್ನ ಕೋಣೆಗೆ ಬರುತ್ತಿದ್ದರು. ನಾನು ಮಾತಿನ ಮೂಲಕ ಚಿಕಿತ್ಸೆ ಮಾಡುವವಳು ಎಂದು ಎಷ್ಟು ಪೊಲೈಟಾಗಿ ವಿವರಿಸಿದರೂ ಮೊದಲ ಪ್ರಶ್ನೆ ಒಂದೇ: ಹಂಗಾರ ಗುಳಗಿ ಯಾರು ಕೊಡತಾರ್ರಿ?

ಆ ಜುಲೈ ತಿಂಗಳಲ್ಲಿ ಶಾಂತವ್ವ ಬಂದಳು. ವಯಸ್ಸು ನಲವತ್ತೊಂದು. ಮುಗದ ಊರಿನಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಎರಡು ತಿಂಗಳಿಂದ ನಿದ್ದೆಯಿಲ್ಲ. ಮಗಳ ಪಿಯುಸಿ, ಗಂಡನ ಬೈಕು, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಸಾರಿನಲ್ಲಿ ಹಲ್ಲಿ ಬಿದ್ದರೆ ಏನು ಗತಿ, ಹೀಗೆ ಎಲ್ಲವೂ ಸರದಿಯಲ್ಲಿ ಬಂದು ಅವಳನ್ನು ಎಬ್ಬಿಸುತ್ತಿದ್ದವು. ಹಗಲಲ್ಲಿ ತೂಕಡಿಕೆ. ಹಾಗಾಗಿ ನೂರಾ ಹತ್ತು ಮಕ್ಕಳ ಸಾಂಬಾರಿಗೆ ಒಂದು ದಿನ ಉಪ್ಪು ಎರಡು ಸಲ ಬಿದ್ದಿತ್ತು, ಇನ್ನೊಂದು ದಿನ ಬಿದ್ದೇ ಇರಲಿಲ್ಲ. ಮೂರನೇ ಸಲ ಹೀಗಾದರೆ ಬೇರೆ ಅಡುಗೆಯವರನ್ನು ನೋಡುವುದಾಗಿ ಹೆಡ್‌ಮಾಸ್ತರರು ಹೇಳಿದ್ದರು. ಆ ಕೆಲಸ ಹೋದರೆ ತಾನು ಮನೆಯಲ್ಲಿ ಬರೀ ಸೊಸೆಯಾಗಿ ಉಳಿಯುತ್ತೇನೆ ಎಂದು ಹೇಳಿ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ನಾನು ಅವಳಿಗೆ 'ವರಿ ಟೈಮ್' ಕೊಟ್ಟೆ. ಇದು ನಮ್ಮಲ್ಲಿ ಚೆನ್ನಾಗಿ ಪಳಗಿದ ವಿಧಾನ. ದಿನಕ್ಕೆ ಹದಿನೈದು ನಿಮಿಷ ಚಿಂತೆಗೆಂದೇ ಎತ್ತಿಡಬೇಕು. ಬೇರೆ ಹೊತ್ತಿನಲ್ಲಿ ಅದು ಬಂದರೆ, ಐದು ಗಂಟೆಗೆ ಬಾ ಎಂದು ವಾಪಸು ಕಳಿಸಬೇಕು. ಅಪಾಯಿಂಟ್‌ಮೆಂಟ್ ಕೊಟ್ಟ ಹಾಗೆ.

"ಐದಕ್ಕ ಬಾ ಅಂದ್ರ ಚಿಂತಿ ಕೇಳತೈತೇನ್ರಿ ಬಾಯಾರ? ನಮ್ಮ ಮನಿಯವರs ಕೇಳಂಗಿಲ್ಲ," ಎಂದಳು ಶಾಂತವ್ವ.

ಕೇಳುತ್ತದೆ ಎಂದು ಭರವಸೆ ಕೊಟ್ಟೆ. ಒಂದು ಕುರ್ಚಿ, ಒಂದು ನಿಗದಿತ ಜಾಗ, ಸುತ್ತ ಯಾರೂ ಇರಬಾರದು, ಕೈಯಲ್ಲಿ ಕೆಲಸ ಇರಬಾರದು ಎಂದು ಬರೆದೂ ಕೊಟ್ಟೆ. ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ನಾನು ಕಲಿತ ಕಾನ್ವೆಂಟಿನಲ್ಲಿ ದಿನಾ ಸಂಜೆ ಹದಿನೈದು ನಿಮಿಷ ಸಿಸ್ಟರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಉದ್ದನೆಯ ವರಾಂಡದಲ್ಲಿ ಕೂರಿಸಿ 'ಸೈಲೆನ್ಸ್, ಗರ್ಲ್ಸ್' ಎನ್ನುತ್ತಿದ್ದರು. ಆ ಹದಿನೈದು ನಿಮಿಷದಷ್ಟು ನೆಮ್ಮದಿ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ. ಶಾಂತವ್ವನಿಗೆ ನಾನು ಕೊಟ್ಟದ್ದು ಪುಸ್ತಕದ ಚಿಕಿತ್ಸೆಗಿಂತ ಹೆಚ್ಚಾಗಿ ನನ್ನ ವರಾಂಡ.

ಎರಡು ವಾರದ ನಂತರ ಶಾಂತವ್ವನ ಮುಂದೆ ಮುಂದೆ ಅವಳ ಅತ್ತೆ ಗಂಗವ್ವ ಬಂದರು. ನಡೆದದ್ದಿಷ್ಟು. ಆ ಮನೆಯಲ್ಲಿ ಕುರ್ಚಿ ಹೊರಗೆ ಬರುವುದು ಬೀಗರು ಬಂದರೆ ಮಾತ್ರ. ಸಂಜೆ ಐದಕ್ಕೆ ಸೊಸೆ ಹಿತ್ತಲಲ್ಲಿ ಕುರ್ಚಿ ಹಾಕಿ, ಬರಿಗೈಯಲ್ಲಿ, ಗೋಡೆ ನೋಡುತ್ತ ಕೂತಿದ್ದಾಳೆ. ಮೂರು ನಿಮಿಷದಲ್ಲಿ ಅತ್ತೆ ನೋಡಿದರು, ಐದು ನಿಮಿಷದಲ್ಲಿ ಓಣಿ ನೋಡಿತು. ಮೊದಲ ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಎರಡನೇ ದಿನ ಗಂಡ ಜಗಳ ಮಾಡಿದ್ದಾನೆಂದು ತೀರ್ಮಾನವಾಯಿತು. ಪಾಪ, ಆತ ಯಾವ ಜಗಳ ಎಂದು ನೆನಪಾಗದೆ, ಇರಲಿ ಎಂದು ತಪ್ಪಾಯಿತು ಅಂದುಬಿಟ್ಟ. ನಾಲ್ಕನೇ ದಿನ ಹೆಬ್ಬಳ್ಳಿಯಿಂದ ಅವಳ ಅಣ್ಣ ಒಂದು ಡಜನ್ ಬಾಳೆಹಣ್ಣು ಹಿಡಿದು ರಾಜಿ ಮಾಡಿಸಲು ಬಂದ.

ಈಗ ಶಾಂತವ್ವನಿಗೆ ಬೆಳಗಿನಿಂದಲೇ ಐದು ಗಂಟೆಯದೇ ಚಿಂತೆ. ಹಿಂದಿನ ದಿನವಷ್ಟೇ ಕೈಯಲ್ಲಿ ಉಪ್ಪು ಹಿಡಿದು, ಹಾಕಿದೆನೋ ಇಲ್ಲವೋ ಎಂದು ಅವಳು ನಿಂತೇ ಇದ್ದುದನ್ನು ಹೆಡ್‌ಮಾಸ್ತರರು ಬಾಗಿಲಿನಿಂದ ನೋಡಿದ್ದರು. ತಿಂಗಳ ಕೊನೆಯವರೆಗೆ ನೋಡುತ್ತೇನೆ ಎಂದಿದ್ದರು.

"ಬಾಯಾರ, ಎಲ್ಲಾರೂ ಗುಳಗಿ ಬರದುಕೊಡತಾರ, ನೀವು ಕುರ್ಚಿ ಬರದುಕೊಟ್ಟೀರಿ," ಎಂದರು ಗಂಗವ್ವ. "ಒಬ್ಬಾಕೀನs ಕುಂತು ಚಿಂತಿ ಮಾಡು ಅಂತ ಯಾವ ಶಾಣ್ಯಾರು ಹೇಳತಾರ್ರಿ? ಮನ್ಯಾಗ ನಾವೇನು ಸತ್ತೇವೇನು?"

ನಾನು ಪ್ರೈವಸಿ ಎಂದು ಶುರು ಮಾಡಿದೆ. ಆ ಶಬ್ದಕ್ಕೆ ಕನ್ನಡ ಹುಡುಕುತ್ತ ಹುಡುಕುತ್ತ ನನಗೇ ನಾಚಿಕೆಯಾಯಿತು. ಮೂವತ್ತು ವರ್ಷ ಪೇಶೆಂಟರನ್ನು ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಅವರಿಗೆ ಕೇಳಿದೆ. ಗಂಗವ್ವ, ನೀವು ನಿಮ್ಮ ಚಿಂತೆ ಎಲ್ಲಿ ಮಾಡುತ್ತೀರಿ?

"ಜ್ವಾಳ ಹಸನ ಮಾಡೂವಾಗ್ರಿ. ಮೊರದಾಗಿನ ಹಳ್ಳು ಕಲ್ಲು ಆರಿಸಿಕೋತ ಎಲ್ಲಾ ಹೇಳಿ ಒಗದುಬಿಡೂದು. ಜ್ವಾಳ ಮುಗಿದ್ವು, ಚಿಂತಿ ಮುಗೀತು. ಮುಂದ ರೊಟ್ಟಿ ಬಡೀಬೇಕಲ್ಲ."

ನೋಡಿ, ನಿಗದಿತ ಹೊತ್ತು, ನಿಗದಿತ ಜಾಗ, ಮುಗಿಯುವ ಗಡಿ. ನನ್ನ ವರಿ ಟೈಮ್ ಆ ಮನೆಯಲ್ಲಿ ಮೊದಲೇ ಇತ್ತು. ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಸೊಸೆ ಅದರಿಂದ ಹೊರಗೆ ಬಿದ್ದಿದ್ದಳು, ಅಷ್ಟೇ. ಅಲ್ಲೇ ಹಳೆಯ ಚೀಟಿ ಹರಿದು ಹೊಸದು ಬರೆದೆ. ಸಂಜೆ ಐದಕ್ಕೆ ಒಂದು ಮೊರ ಜೋಳ, ಎದುರುಬದುರು ಇಬ್ಬರು. ಹಳ್ಳು ಮುಗಿದರೆ ಮಾತು ಬಂದ್. ಒಬ್ಬರು ಇನ್ನೊಬ್ಬರಿಗೆ ಬುದ್ಧಿ ಹೇಳಕೂಡದು.

ಕೊನೆಯ ಷರತ್ತಿಗೆ ಗಂಗವ್ವ ಸುತರಾಂ ಒಪ್ಪಲಿಲ್ಲ. ಅತ್ತೆಯಾಗಿ ಬುದ್ಧಿ ಹೇಳದೆ ಬಾಯಿ ಇಟ್ಟುಕೊಂಡು ಏನು ಮಾಡಲಿ ಎಂದು ಕೇಳಿದರು. ಚೌಕಾಸಿಯಾಗಿ ದಿನಕ್ಕೆ ಮೂರು ಬುದ್ಧಿಮಾತಿಗೆ ಇತ್ಯರ್ಥವಾಯಿತು.

ಆಗಸ್ಟಿನಲ್ಲಿ ಇಬ್ಬರೂ ಮತ್ತೆ ಬಂದರು. ಪವಾಡವೇನೂ ಆಗಿರಲಿಲ್ಲ. ನಿದ್ದೆ ಐದು ತಾಸಿಗೆ ಬಂದಿತ್ತು. ಆದರೆ ತಲೆ ತಿಳಿಯಾದ ಮೇಲೆ ಶಾಂತವ್ವನೇ ಒಂದು ದಾರಿ ಹುಡುಕಿದ್ದಳು. ಬೆಳಿಗ್ಗೆಯೇ ಆ ದಿನದ ಉಪ್ಪನ್ನು ಅಳೆದು ಒಂದು ಬಟ್ಟಲಲ್ಲಿ ಇಡುವುದು. ಬಟ್ಟಲು ಖಾಲಿ ಇದ್ದರೆ ಸಾಂಬಾರಿಗೆ ಉಪ್ಪು ಬಿದ್ದಿದೆ ಎಂದರ್ಥ. ತಿಂಗಳ ಕೊನೆಯ ದಿನ ಹೆಡ್‌ಮಾಸ್ತರರು ಖುದ್ದು ಪಂಕ್ತಿಯಲ್ಲಿ ಕೂತು ಎರಡನೇ ಸಲ ಸಾಂಬಾರು ಹಾಕಿಸಿಕೊಂಡರಂತೆ. ಬೇರೆ ಅಡುಗೆಯವರ ಮಾತು ಅಲ್ಲಿಗೆ ನಿಂತಿತು.

ಒಂದು ಸೈಡ್ ಎಫೆಕ್ಟ್ ಮಾತ್ರ ಆಗಿತ್ತು. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮೊರ ಹಿಡಿದು ಬರತೊಡಗಿದ್ದರು. ಮಷೀನಿನಲ್ಲಿ ಹಸನಾದ ಅಂಗಡಿ ಜೋಳ ತಂದವರಿಗೆ ಹಳ್ಳು ಸಿಗದೆ ಚಿಂತೆಗೆ ಟೈಮೇ ಸಾಲುತ್ತಿರಲಿಲ್ಲ. ಅಂಥವರ ಮೊರಕ್ಕೆ ಗಂಗವ್ವ ಮೊದಲೇ ಒಂದು ಹಿಡಿ ಹಳ್ಳು ಬೆರೆಸಿ ಕೊಡುತ್ತಿದ್ದರಂತೆ.

ಹೊರಡುವಾಗ ಅವರು ಬಾಗಿಲಲ್ಲಿ ತಿರುಗಿ ನಿಂತರು.

"ಮತ್ತ ನೀವು ಯಾರ ಕೂಡ ಕುಂದರತೀರಿ, ಬಾಯಾರ?"

ಮನೆಯ ಕಿಟಕಿಯ ಪಕ್ಕದ ನನ್ನ ಒಂಟಿ ಕುರ್ಚಿ ನೆನಪಾಯಿತು. ಯಾರೂ ಇಲ್ಲ, ಒಬ್ಬಳೇ ಎಂದೆ. ಅವರು ಲೊಚಗುಟ್ಟಿ ಹೋದರು. ಮುಂದಿನ ವಾರ ಆಸ್ಪತ್ರೆಗೆ ಬಂದ ಅದೇ ಊರಿನವರೊಬ್ಬರ ಕೈಯಲ್ಲಿ ನನಗೊಂದು ಮೊರ ಬಂತು.

ಚಿಕಿತ್ಸೆಯನ್ನು ಪುಸ್ತಕದಿಂದ ಕೊಡಬಹುದು, ಆದರೆ ಕೂರುವ ಜಾಗವನ್ನು ಅವರ ಮನೆಯಿಂದಲೇ ತರಬೇಕು ಎಂದು ಸರ್ವಿಸಿನ ಕೊನೆಯ ವರ್ಷದಲ್ಲಿ ಕಲಿತೆ. ತಡವಾಯಿತು, ಐ ನೋ. ಈಗ ಸಂಜೆ ಐದಕ್ಕೆ ಕೆಳಗಿನ ಮನೆಯ ರಿಟೈರ್ಡ್ ಗಣಿತದ ಟೀಚರ್ ಬರುತ್ತಾರೆ. ನಮ್ಮ ಪ್ಯಾಕೆಟ್ ಅಕ್ಕಿಯಲ್ಲಿ ಹಳ್ಳು ಇರುವುದಿಲ್ಲ. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಮೂವತ್ತು ಹಳ್ಳು ಇಟ್ಟಿದ್ದೇನೆ. ಬೆರೆಸುತ್ತೇವೆ, ಮಾತಾಡುತ್ತ ಆರಿಸುತ್ತೇವೆ, ಅವರು ಎಣಿಸಿ ಡಬ್ಬಿಗೆ ಹಾಕುತ್ತಾರೆ. ನಾಳೆಗೆ ಬೇಕಲ್ಲ.