ಏಳು ಸಲ ತೊಳೆದ ಗಾಡಿ

ಆಗೆಲ್ಲ ಅರಬರ ನಾಡಿನ ಇಬ್ರಿಯಲ್ಲಿ ನಮ್ಮ ತಂದೆ, ಉಪ್ಪನ ಬಟ್ಟೆ ಅಂಗಡಿಗೆ ರಜೆ ಎಂಬುದೇ ಇರಲಿಲ್ಲ. ಶುಕ್ರವಾರವೂ ನಮಾಜು ಮುಗಿಸಿ ಶಟರ್ ಎತ್ತುತ್ತಿದ್ದ ಮನುಷ್ಯ. ಅಂಥವರು ಊರಿಗೆ ಮರಳುತ್ತಿದ್ದ ಬಿಳಿಯನೊಬ್ಬನಿಂದ ಒಲೆ, ಹಾಸಿಗೆ ಎಲ್ಲ ಇರುವ ಹಳೆಯ ಮೋಟರ್‌ಹೋಮ್ ಕೊಂಡು ತಂದು, "ನಾಲ್ಕು ದಿನ ಅಂಗಡಿ ಬಂದ್, ಕಡಲ ಬದಿಯ ಸಲಾಲಕ್ಕೆ ಹೋಗುವ" ಎಂದಾಗ ನಾನು ನಂಬಲೇ ಇಲ್ಲ. ನನಗೆ ಒಂಬತ್ತು ವರ್ಷ. ಉಮ್ಮನ ತಾಯಿ, ನಮ್ಮ ಅಜ್ಜಿ, ಬಂಟ್ವಾಳದಿಂದ ಬಂದಿದ್ದರು. ಅವರ ವೀಸಾ ಮುಗಿಯಲು ಹತ್ತೇ ದಿನ ಉಳಿದಿತ್ತು.

"ದಾರಿಯೆಲ್ಲ ಬರೀ ಮರಳು. ಗಾಡಿಯಲ್ಲಿ ಸಣ್ಣ ತೊಂದರೆ ಕಂಡ್ರೂ ಖಲಾಸ್, ಸಲಾಲ ಇಲ್ಲ" ಎಂದು ಉಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅವರು ಟಯರು, ಬ್ಯಾಟರಿ, ಬೆಲ್ಟು ಎಂದು ಬಾನೆಟ್ಟಿನೊಳಗೆ ತಲೆ ಹಾಕಿದಾಗಲೆಲ್ಲ ನಾನು ಪಕ್ಕದಲ್ಲೇ ನಿಂತು ಅವರ ಮುಖ ನೋಡುತ್ತಿದ್ದೆ.

ಆದರೆ ತಕರಾರು ಬಂದದ್ದು ಅಜ್ಜಿಯಿಂದ. ಸೀಟಿನ ಮೇಲೆ ಆ ಬಿಳಿಯನ ನಾಯಿಯ ಕೂದಲು ಸಿಕ್ಕಿತ್ತು.

"ನಾಯಿ ಮಲಗಿದ ಗಾಡಿಯಲ್ಲಿ ನಮಾಜು ಹೇಗೆ ಮಾಡೂದು? ಏಳು ಸಲ ತೊಳೀಬೇಕು. ಅದರಲ್ಲಿ ಒಂದು ಸಲ ಮಣ್ಣು ಹಾಕಿ."

"ಅಷ್ಟೆಲ್ಲ ಬೇಡ ಮಾರಾಯ್ತಿ, ಒಣ ನಾಯಿ ಮುಟ್ಟಿದ್ರೆ ಅಶುದ್ಧ ಆಗೂದಿಲ್ಲ. ಅದು ಒದ್ದೆ ಇತ್ತಾ ಇಲ್ವಾ ಅಂತ ಯಾರು ಕಂಡಿದ್ದಾರೆ?" ಎಂದು ಉಮ್ಮನಿಗೆ ಹೇಳಿದ ಉಪ್ಪನಿಗೆ ಅತ್ತೆಯ ಎದುರು ಅಷ್ಟೇ ಧೈರ್ಯ.

ಮೂರು ದಿನ ತೊಳೆದೆವು. ಒಲೆಯ ಹಿಂದಿನ ಸಂದಿಗೆ ನನ್ನ ಕೈ ಮಾತ್ರ ಹೋಗುತ್ತಿತ್ತು. ಕೆಸರು ಬಳಿದು ತಿಕ್ಕುವಾಗ ಗ್ಯಾಸಿನ ಪೈಪು ಅಡ್ಡ ಬಂತೆಂದು ಜೋರಾಗಿ ಎಳೆದೆ. ಏನೋ ಸಡಿಲವಾದ ಹಾಗಾಯಿತು. ಯಾರಿಗೂ ಹೇಳಲಿಲ್ಲ. ದಿನವೂ ತೊಳೆದಾದ ಮೇಲೆ ನಾಯಿಯ ವಾಸನೆ ಹೋಗಲಿ ಎಂದು ಅಜ್ಜಿ ಗಾಡಿಯೊಳಗೆ ಕೆಂಡದ ಮೇಲೆ ಲೋಬಾನದ ಧೂಪ ಹಾಕುತ್ತಿದ್ದರು. ಪರದೆ, ಹಾಸಿಗೆ ಎಲ್ಲ ಅದೇ ಪರಿಮಳ.

ಹೊರಡುವ ದಿನ ಮಧ್ಯಾಹ್ನ ಉಪ್ಪ ತುಂಬಿದ ಗ್ಯಾಸ್ ಸಿಲಿಂಡರ್ ಕೂರಿಸಿ ಅದರ ತಿರುಪು ತೆರೆದು, ಧೂಳು ನುಗ್ಗದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದರು. ಸಂಜೆಯ ಅಸರ್ ನಮಾಜು ಆದೊಡನೆ ಹೊರಡುವುದೆಂದು ಮಾತು. ಉಮ್ಮ ಕಟ್ಟಿಟ್ಟ ಅಕ್ಕಿ ರೊಟ್ಟಿ, ಪತ್ತಿರಿಯ ಬುಟ್ಟಿಯನ್ನು ಮೇಜಿನಡಿ ಇಡಲು ನಾನು ಒಳಗೆ ಹೋದೆ. ಬಗ್ಗಿದಾಗ ಲೋಬಾನದ ಕೆಳಗಿನಿಂದ ಬೇರೊಂದು ವಾಸನೆ ಬಂತು. ಕೊಳೆತ ಈರುಳ್ಳಿಯಂಥದ್ದು. ನನಗೆ ಗೊತ್ತಾಯಿತು. ಹೇಳಿದರೆ ಖಲಾಸ್. ಪೈಪನ್ನು ನಾನೇ ಒಳಗೆ ತುರುಕಲು ನೋಡಿದೆ, ಆಗಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ಸುಮ್ಮನೆ ನಿಂತೆ. ದೇವರಾಣೆ, ಸುಮ್ಮನೆ ನಿಂತೆ.

ಆಗ ಅಜ್ಜಿ ಬಂದರು. ಕೈಯಲ್ಲಿ ಲೋಬಾನದ ಮಣ್ಣಿನ ಬಟ್ಟಲು, ಅದರಲ್ಲಿ ಕೆಂಪು ಕೆಂಡ. ಹೊರಡುವ ಮುಂಚೆ ಕೊನೆಯದೊಂದು ಹೊಗೆ. "ಬಿಸ್ಮಿಲ್ಲಾ" ಎಂದು ಮೆಟ್ಟಿಲ ಮೇಲೆ ಕಾಲಿಟ್ಟರು, ಇನ್ನೊಂದು ಕೈ ಬಾಗಿಲಿನ ಹಿಡಿಯ ಮೇಲಿತ್ತು.

ನಾನು ಓಡಿಹೋಗಿ ಬಟ್ಟಲಿಗೆ ಹೊಡೆದೆ. ಅದು ದೂರ ಬಿದ್ದು ಒಡೆಯಿತು. ಅಜ್ಜಿ ನನ್ನ ಕೆನ್ನೆಗೆ ಬಾರಿಸಿದರು. ಅವರು ನನಗೆ ಹೊಡೆದದ್ದು ಅದೊಂದೇ ಸಲ.

"ಗ್ಯಾಸ್" ಎಂದೆ.

ಉಪ್ಪ ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದು ಹೊರಬಂದಾಗ ಮುಖ ಬಿಳಿಚಿಹೋಗಿತ್ತು. "ಪೈಪಿಗೆ ಕೈ ಹಾಕಿದ್ದು ಯಾರು?"

ಅಜ್ಜಿ ನನ್ನನ್ನೊಮ್ಮೆ ನೋಡಿದರು.

"ನಾನೇ ಎಳೆದದ್ದು. ಎಂತ ಈಗ?" ಎಂದರು.

ಅತ್ತೆಗೆ ಉಪ್ಪ ಎಂತ ಹೇಳಿಯಾರು? ಒಲೆಯನ್ನೇ ಕಿತ್ತು ಅಂಗಳದಲ್ಲಿಟ್ಟರು. ಮಾರನೆಯ ದಿನ ಫ್ಲಾಸ್ಕಿನ ಚಹಾ, ತಣ್ಣಗಿನ ಪತ್ತಿರಿ ಇಟ್ಟುಕೊಂಡು ಸಲಾಲಕ್ಕೆ ಹೊರಟೆವು. ದಾರಿಯುದ್ದಕ್ಕೂ ಅಜ್ಜಿ ನನ್ನ ಕೆನ್ನೆ ಸವರುತ್ತಿದ್ದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಈಗ ಅಜ್ಜಿ ಇಲ್ಲ, ಗಾಡಿ ಗುಜರಿಗೆ ಹೋಯಿತು. ನಾನು ಅದೇ ದೇಶದ ನಿಜ್ವಾದಲ್ಲಿದ್ದೇನೆ. ಉಪ್ಪ ನಮ್ಮಲ್ಲಿಗೆ ಬಂದಾಗಲೆಲ್ಲ "ನಿಮ್ಮ ಮುತ್ತಜ್ಜಿ ತೊಳೆದ ಗಾಡಿ" ಎಂದು ಶುರುಮಾಡಿ, ಪೈಪು ಎಳೆದದ್ದೂ ಅವರೇ ಎಂದು ಮೊಮ್ಮಕ್ಕಳಿಗೆ ಕಥೆ ಹೇಳಿ ನಗಿಸುತ್ತಾರೆ. ಕಳೆದ ಸಲ ನನಗೆ ತಡೆಯಲಾಗಲಿಲ್ಲ.

"ಉಪ್ಪಾ, ಪೈಪು ಎಳೆದದ್ದು ನಾನು."

"ಗೊತ್ತುಂಟು" ಎಂದರು ಅವರು, ಚಹಾ ಆರಿಸಿಕೊಳ್ಳುತ್ತಾ. "ಆ ಸಂದಿಗೆ ದೊಡ್ಡವರ ಕೈ ಹೋಗ್ತದಾ?"

"ಮತ್ತೆ ಇಷ್ಟು ವರ್ಷ ಅಜ್ಜಿಯ ಹೆಸರು ಯಾಕೆ ಹೇಳಿದಿರಿ?"

"ಅವರು ನಾನೇ ಅಂತ ಹೇಳಿದ ಮೇಲೆ ಅದನ್ನು ಸುಳ್ಳು ಮಾಡ್ಲಿಕ್ಕೆ ನಾನು ಯಾರು?"

ನನ್ನ ತಪ್ಪನ್ನು ಹೊತ್ತುಕೊಂಡವರು ಒಬ್ಬರೇ ಎಂದುಕೊಂಡಿದ್ದೆ. ಇಬ್ಬರಿದ್ದರು. ಒಬ್ಬರಿಗೆ ಹೇಳಲು ತಡವಾಯಿತು.