ಸೋದರಮಾವ ತಂದ ಸುತ್ತಿಗೆ

ಕಾನ್ವೆಂಟಿನಲ್ಲಿ ಮ್ಯಾಟ್ರಿಕ್ ಮುಗಿಸಿ ಹಾನಗಲ್ಲಿಗೆ ವಾಪಸು ಬಂದ ವರ್ಷ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗಿನ ಪ್ರೇಯರ್ ಬೆಲ್ ಇಲ್ಲ, ಸಂಜೆಯ ಡ್ರಿಲ್ ಇಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮಾಳಿಗೆಗೆ ಸುಮ್ಮನೆ ಓಡಾಡುತ್ತಿದ್ದೆ. "ಕಾಲಾಗ ಗಾಲಿ ಕಟ್ಕೊಂಡು ಹುಟ್ಟೇತಿ ಇದು," ಎನ್ನುತ್ತಿದ್ದಳು ಅವ್ವ. ದಸರೆ ಮುಗಿದ ಕೂಡಲೇ ನನ್ನನ್ನು ಹಿರೇಕೆರೂರಿನ ಮನೆತನಕ್ಕೆ ಕೊಡುವುದೆಂದು ಮಾತಾಗಿತ್ತು. ಹುಡುಗ ಡೀಸೆಂಟ್ ಎಂದು ಅಪ್ಪ ಹೇಳಿದ್ದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಮಾಳಿಗೆಯ ಮೇಲೆ ನಿಂತರೆ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು. ಅಪ್ಪ ಆ ವರ್ಷ ಆಡೂರಿನ ಕಡೆಯ ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಹಾಕಿಸುವ ಕಂಟ್ರಾಕ್ಟು ಹಿಡಿದಿದ್ದರು. ನಮ್ಮ ಹೊಲದಾಚೆ ಕಲ್ಲಿನ ಖಣಿ. ಕಲ್ಲು ಒಡೆಯುವವರು ಖಣಿಯ ಮಗ್ಗುಲಲ್ಲೇ ಗುಡಿಸಲು ಹಾಕಿಕೊಂಡು ಕೆಲಸ ಮುಗಿಯುವ ತನಕ ಇದ್ದು ಮುಂದಿನ ಊರಿಗೆ ಹೋಗುವವರು. ಆ ಸದ್ದು ಗಡಿಯಾರದ ಹಾಗೆ ಒಂದೇ ಸಮ ಇರಲಿಲ್ಲ. ದೊಡ್ಡದೊಂದು ಪೆಟ್ಟು, ಅದರ ಹಿಂದೆ ಸಣ್ಣ ಸಣ್ಣವು ಹತ್ತಾರು. ಆ ಸಣ್ಣ ಪೆಟ್ಟುಗಳು ಯಾರವು ಎಂದು ನಾನು ಯೋಚಿಸಿರಲಿಲ್ಲ.

ಅಪ್ಪನಿಗೆ ಬುತ್ತಿ ಕೊಡುವ ನೆಪದಲ್ಲಿ ಒಂದು ದಿನ ಬಂಡಿ ಹತ್ತಿಕೊಂಡು ಹೋದಾಗ ಗೊತ್ತಾಯಿತು. ಗಂಡಸರು ಹಾರೆ ಹಾಕಿ ಬಂಡೆ ಸೀಳುತ್ತಾರೆ. ಹೆಂಗಸರು ಅದನ್ನು ತೆಂಗಿನಕಾಯಿಯಷ್ಟಕ್ಕೆ ತರುತ್ತಾರೆ. ಅದನ್ನು ಮತ್ತೆ ಒಡೆದು ರಸ್ತೆಗೆ ಹಾಕುವ ಸಣ್ಣ ಖಡಿ ಮಾಡುವವರು ಮಕ್ಕಳು. ಖಡಿಯ ರಾಶಿಗೆ ಗುಂಪಿ ಎನ್ನುತ್ತಿದ್ದರು; ಕೂಲಿ ಆ ಗುಂಪಿಯ ಅಳತೆಗೆ. ಹಗ್ಗದ ಸಿಂಬಿಯೊಳಗೆ ಕಲ್ಲಿಟ್ಟು, ಹಾರದ ಹಾಗೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸುತ್ತಿಗೆ ಹೊಡೆಯಬೇಕು. ಆದರೂ ಚೂರು ಹಾರುತ್ತಿತ್ತು. ಹೊಡೆಯುವಾಗ ಆ ಮಕ್ಕಳೆಲ್ಲ ಕಣ್ಣು ಮುಚ್ಚುತ್ತಿದ್ದವು. ಕಣ್ಣು ಮುಚ್ಚಿಕೊಂಡೇ ಸರಿಯಾದ ಜಾಗಕ್ಕೆ ಪೆಟ್ಟು ಹಾಕುತ್ತಿದ್ದವು. ಅದನ್ನು ನೋಡಿದ ಮೇಲೆ ನನಗೆ ಬುತ್ತಿಯ ಗಂಟು ಬಿಚ್ಚಲೂ ಕೈ ಬರಲಿಲ್ಲ.

ಅಲ್ಲೊಬ್ಬಳು ಹುಡುಗಿ ಇದ್ದಳು. ಇನ್ನೂ ಸುತ್ತಿಗೆ ಹಿಡಿದವಳಲ್ಲ; ತಮ್ಮನನ್ನು ಸೊಂಟದ ಮೇಲೆ ಹೊತ್ತು, ಚೂರು ಗುಡಿಸುತ್ತ, ನೀರು ಕೊಡುತ್ತ ತಿರುಗಾಡುವವಳು. ನನ್ನ ಹಾಗೆ ಅವಳೂ ಒಂದು ಕಡೆ ನಿಲ್ಲುವವಳಲ್ಲ. ನನ್ನ ಶೂ ಮುಟ್ಟಿ ನೋಡಿ, "ಇದರಾಗ ಬೆರಳು ಹೆಂಗ ಉಸಿರಾಡ್ತಾವ್ರಿ?" ಎಂದು ಕೇಳಿದಳು. ನಗುವಾಗ ಮುಂದಿನ ಎರಡು ಹಲ್ಲು ಇರಲಿಲ್ಲ.

ದಿನಾ ಹೋಗತೊಡಗಿದೆ. ಇದ್ದಿಲಿನಿಂದ ಚಪ್ಪಟೆ ಬಂಡೆಯ ಮೇಲೆ ಅ, ಆ ಬರೆದರೆ ಅವಳು ಪಕ್ಕದಲ್ಲೇ ಅದಕ್ಕಿಂತ ದೊಡ್ಡದಾಗಿ ಬರೆಯುತ್ತಿದ್ದಳು. ಅವಳನ್ನು ಸೇರಿಸಿಕೊಳ್ಳಿರೆಂದು ಊರ ಹೆಣ್ಣುಮಕ್ಕಳ ಸಾಲಿಯ ಮಾಸ್ತರರನ್ನು ಕೇಳಿದೆ. ಅವರು ಒಪ್ಪಿಕೊಂಡರು. ಹುಡುಗಿಯ ಅವ್ವನಿಗೆ ಹೇಳಿದರೆ ಅವಳು ಒಡೆಯುವುದನ್ನು ನಿಲ್ಲಿಸದೆಯೇ ಅಂದಳು, "ಈಗ ಎಲ್ಲಿ ಸಾಲಿ ಅಕ್ಕಾರ? ಬರೂ ಖಂಡೇನವಮಿಗೆ ಇಕೀಗೆ ಸುತಗಿ ಬರ್ತೈತ್ರಿ."

ಹುಡುಗಿ ತಮ್ಮನನ್ನು ಕೆಳಗಿಳಿಸಿ ಹೆಮ್ಮೆಯಿಂದ ಕೈ ಚಾಚಿ ತೋರಿಸಿದಳು. "ನಂದ ಸ್ವಂತದ್ದು. ಯಾರಿಗೂ ಕೊಡಾಂಗಿಲ್ಲ."

ಅವರಲ್ಲಿ ಹಾಗೆ ರೂಢಿ. ಮುಂದಿನ ಹಲ್ಲು ಬಿದ್ದ ವರ್ಷದ ಖಂಡೇನವಮಿಯಲ್ಲಿ, ಎಲ್ಲ ಆಯುಧಗಳ ಪೂಜೆಯ ಜೊತೆ ಆ ಮಗುವಿನ ಹೆಸರಿನ ಹೊಸ ಸುತ್ತಿಗೆಗೂ ಪೂಜೆ. ಅದನ್ನು ತರುವವನು ಸೋದರಮಾವ. ಅದರ ಕಾವು, ಅಂದರೆ ಮರದ ಹಿಡಿ, ಮಗುವಿನ ಮೊಣಕೈಯಿಂದ ನಡುಬೆರಳ ತುದಿಯಷ್ಟು ಉದ್ದ ಇರಬೇಕು. ಪೂಜೆಯಾದ ಮೇಲೆ ಮಗು ಬೇರೆ ಯಾರ ಸುತ್ತಿಗೆಯನ್ನೂ ಮುಟ್ಟದೆ ಅದರಿಂದಲೇ ಒಂದು ಕಲ್ಲು ಒಡೆಯುತ್ತದೆ, ಮರುದಿನದಿಂದ ಒಡೆಯುವವರ ಸಾಲಿನಲ್ಲಿ ಕೂರುತ್ತದೆ. ದಸರೆಗೆ ಆಗ ತಿಂಗಳೂ ಉಳಿದಿರಲಿಲ್ಲ. ಅವಳಿಗೆ ಸುತ್ತಿಗೆ ಬರುವ ಹೊತ್ತಿಗೆ ನನಗೆ ಹಿರೇಕೆರೂರು.

ಅಪ್ಪನ ಊಟದ ಹೊತ್ತಿಗೆ ಮಾತು ತೆಗೆದೆ. "ಖಣಿಯೊಳಗ ಸಣ್ಣ ಹುಡುಗ್ರನ್ನ ಕೂಡಿಸಬ್ಯಾಡ್ರಿ ಅಪ್ಪಾ."

"ನಾ ಎಲ್ಲಿ ಕೂಡಿಸೇನಿ? ನಾ ಅಳಿಯೂದು ಖಡಿ ಗುಂಪಿ. ಗುಂಪಿಗೆ ವಯಸ್ಸು ಇರ್ತೈತೇನವಾ?"

"ಕಾನ್ವೆಂಟಿನ್ಯಾಗ ಇದಕ್ಕ ಸಿನ್ ಅಂತಾರ."

"ಅಲ್ಲಿ ಫೀ ಯಾವ ಗುಂಪಿಯಿಂದ ಹೋಗಿತ್ತು, ಅದನ್ನೂ ಹೇಳಿಕೊಟ್ಟಾರೇನು?"

ಅಪ್ಪ ಕೆಟ್ಟವರಲ್ಲ. ನಾಲ್ಕು ದಿನ ನಾನು ಮುಖ ಗಂಟು ಹಾಕಿಕೊಂಡು ಓಡಾಡಿದ ಮೇಲೆ, ಇನ್ನು ಮಕ್ಕಳು ಖಣಿಗೆ ಬರಕೂಡದೆಂದು ಕೂಲಿಗಳ ಮೇಸ್ತ್ರಿ ಮುಕಾದಮನಿಗೆ ಹೇಳಿಕಳಿಸಿದರು. ಮರುದಿನ ಮಾಳಿಗೆ ಹತ್ತಿ ಕಿವಿಗೊಟ್ಟೆ. ಸಣ್ಣ ಪೆಟ್ಟುಗಳ ಸದ್ದು ನಿಂತಿರಲಿಲ್ಲ. ಬರುವ ದಿಕ್ಕು ಬದಲಾಗಿತ್ತು, ಅಷ್ಟೆ.

ಹೋಗಿ ನೋಡಿದರೆ ಹೆಂಗಸರು ಕಲ್ಲನ್ನು ಬುಟ್ಟಿಯಲ್ಲಿ ಗುಡಿಸಲಿಗೆ ಹೊತ್ತು ಹಾಕಿದ್ದರು. ಮಕ್ಕಳು ಒಳಗೆ, ಬಗ್ಗಿ ನುಗ್ಗಬೇಕಾದ ಬಾಗಿಲ ಹಿಂದೆ, ಕತ್ತಲಲ್ಲಿ ಕೂತು ಒಡೆಯುತ್ತಿದ್ದವು. ಧೂಳಿಗೆ ನನಗೆ ಕೆಮ್ಮು ಹತ್ತಿತು.

"ಹೊರಗ ಗಾಳ್ಯಾಗ ಒಡೀತಿದ್ವು, ಈಗ ಒಳಗ ಒಡೀತಾವು," ಎಂದಳು ಹುಡುಗಿಯ ಅವ್ವ. ಸಿಟ್ಟಿನಿಂದಲ್ಲ, ಮಳೆ ಬಂತು ಎಂದು ಹೇಳುವ ಹಾಗೆ. ಆ ಹುಕುಂ ತೆಗೆಯಿರೆಂದು ನಾನೇ ಅಪ್ಪನಿಗೆ ಹೇಳಬೇಕಾಯಿತು. ಅವರು ನಕ್ಕಿದ್ದರೆ ಚೆನ್ನಾಗಿತ್ತು. ನಗಲಿಲ್ಲ.

ನಮ್ಮ ಅವ್ವನದು ಬೇರೆ ಪರಿಹಾರ. "ಅಷ್ಟು ಕರುಣಾ ಬಂದ್ರ ಆಕೀನ ನಮ್ಮನೀಗೆ ಕರಕೊಂಡ್ ಬಾ. ನಿನ್ನ ಕೂಡ ಹಿರೇಕೆರೂರಿಗೆ ಕಳಸ್ತೇನಿ. ಮುಸುರಿ ತಿಕ್ಕಾಕ ಒಂದು ಕೈ ಆಕ್ಕೈತಿ."

"ಸುತಗಿ ಬಿಡಿಸಿ ಮುಸುರಿ ಹಚ್ಚಿದ್ರ ಏನ್ ಬಂತು?"

"ಮುಸುರಿ ಕಣ್ಣಾಗ ಹಾರೂದಿಲ್ಲ."

ಅದೇನೋ ನಿಜವೇ. ಆದರೂ ಒಪ್ಪಲು ಮನಸ್ಸು ಬರಲಿಲ್ಲ. ಬಂಡೆಯ ಮೇಲೆ ನನಗಿಂತ ದೊಡ್ಡದಾಗಿ ಅಕ್ಷರ ಬರೆದವಳು ನನ್ನ ಅಡಿಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವುದನ್ನು ನೆನೆಸಿದರೆ ಮೈಯೆಲ್ಲ ಮುಳ್ಳಾಗುತ್ತಿತ್ತು.

ಮತ್ತೆ ಹುಡುಗಿಯ ಅವ್ವನ ಬೆನ್ನು ಹತ್ತಿದೆ. "ಸುತಗಿ ಇರ್ಲಿ. ಪೂಜಿ ಮಾಡಿ ಮೂಲ್ಯಾಗ ಇಟ್ಟು ಸಾಲಿಗೆ ಕಳಸು."

"ಪೂಜಿ ಮಾಡಿದ್ದು ಸುಮ್ಮ ಇಟ್ರ ಕಲ್ಲು ಮುನಿಸ್ಕೊಂತೈತ್ರಿ. ಮನ್ಯಾನ ಗಂಡಸ್ರ ಮ್ಯಾಲೆ ಬಂಡೆಗಲ್ಲು ಉರುಳ್ತೈತಿ."

"ಸೋದರಮಾವ ತರದ ಇದ್ರ?"

ಅವಳು ಆಗ ಮೊದಲ ಸಲ ಕೈ ನಿಲ್ಲಿಸಿದಳು. "ನನ್ನ ತಮ್ಮಾ ಜೀವಂತ ಅದಾನ್ರಿ ಅಕ್ಕಾರ," ಎಂದಳು.

ಆ ತಮ್ಮ ಶಿಗ್ಗಾಂವಿಯ ಹೊರಗಿನ ಖಣಿಯಲ್ಲಿ ಇದ್ದಾನೆಂದು ಕೇಳಿ ತಿಳಿದುಕೊಂಡೆ. ಶಿಗ್ಗಾಂವಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಮದುವೆಗೆ ಕರೆಯಲು ಅವ್ವ ಹೇಗೂ ಹೋಗುವವಳಿದ್ದಳು. ನಾನೂ ಬರುತ್ತೇನೆಂದು ಹಟ ಹಿಡಿದೆ.

ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಮೋಟಾರು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ದೊಡ್ಡ ಮಾತು. ಸಣ್ಣ ಏರು ಬಂದರೂ ಎಲ್ಲರೂ ಇಳಿದು ನಡೆಯಬೇಕು. ನಾನು ಎಲ್ಲರಿಗಿಂತ ಮುಂದೆ ನಡೆದು ಹೋಗಿ ನಿಂತು ಕಾಯುತ್ತಿದ್ದೆ. "ಮದುವಿ ಹುಡುಗಿ ಮೋಟಾರಿಗಿಂತ ಜೋರಾಗಿ ಹೊಂಟಾಳ. ಗಂಡ ಶಿಗ್ಗಾಂವ್ಯಾಗ ಅದಾನೇನ್ರಿ?" ಎಂದು ಕಂಡಕ್ಟರ್ ಅವ್ವನನ್ನು ಕೇಳಿದ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು, ಆಮೇಲೆ ನನ್ನನ್ನು ಚಿವುಟಿದಳು.

ಖಣಿಗೆ ಅವ್ವನೂ ಬಂದಳು. ಒಬ್ಬಳನ್ನೇ ಬಿಡುವಂತಿರಲಿಲ್ಲ. "ಕರಿಯಾಕ ಬಂದೀವೋ, ಕಲ್ಲು ಎಣಿಸಾಕ ಬಂದೀವೋ?" ಎಂದು ದಾರಿಯುದ್ದಕ್ಕೂ ಬೈಯುತ್ತ ಬಂದಳು.

ಸೋದರಮಾವ ನಾನು ಅಂದುಕೊಂಡಷ್ಟು ದೊಡ್ಡವನಲ್ಲ, ಮೀಸೆ ಈಗಷ್ಟೇ ದಟ್ಟವಾದವನು. ಅಕ್ಕನಿಗೇನೋ ಆಗಿದೆ ಎಂದುಕೊಂಡು ಹೆದರಿ ಓಡಿಬಂದ. ಅವನ ಎಡಗಣ್ಣಿನ ಗುಡ್ಡೆ ಬೆಳ್ಳಗಿತ್ತು. ನಾನು ಮೋಟಾರಿನಲ್ಲಿ ಮನಸ್ಸಿನೊಳಗೇ ರಿಹರ್ಸಲ್ ಮಾಡಿಕೊಂಡು ಬಂದಿದ್ದ ಸ್ಪೀಚ್ ಮರೆತುಹೋಯಿತು. ಅವ್ವನೇ ನೇರವಾಗಿ ಕೇಳಿದಳು.

"ಕಣ್ಣಿಗೇನಾತೋ ತಮ್ಮಾ?"

"ಸುತಗಿ ಬಂದ ವರ್ಷ ಹೋತ್ರಿ ಅವ್ವಾರ. ಚೂರು ಹಾರಿತ್ತು."

ಅವ್ವನ ಬೈಗುಳ ಅಲ್ಲಿಗೆ ನಿಂತಿತು.

ನಾನು ಹೇಗೋ ಹೇಳಿದೆ. ಹುಡುಗಿ ಚುರುಕಿದ್ದಾಳೆ, ಸಾಲಿಯಲ್ಲಿ ಜಾಗವಿದೆ, ಈ ಸಲ ಸುತ್ತಿಗೆ ತರಬೇಡ, ಬದಲಿಗೆ ಬರೆಯಲು ಪಾಟಿ ತೆಗೆದುಕೊಂಡು ಹೋಗು. ಅವನು ನೆಲ ನೋಡುತ್ತ ಕೇಳಿಸಿಕೊಂಡ.

"ಪಾಟಿ ಆಯುಧ ಅಲ್ಲಲ್ರಿ. ಖಂಡೇನವಮಿಗೆ ಸುತಗಿ ಇಲ್ದ ಹೋದ್ರ ಮಂದಿ ನಮ್ಮಕ್ಕನ ಮಾರಿ ಮ್ಯಾಲೆ ಆಡ್ತಾರ, ತವರು ಮನಿ ಸತ್ತೈತಿ ಅಂತ."

"ಹಂಗಾರ ಆಕಿ ಕಣ್ಣು?"

"ನಾ ನೋಡ್ತೇನ್ರಿ," ಎಂದ. ಅಷ್ಟೇ. ತರುತ್ತೇನೆ ಎನ್ನಲಿಲ್ಲ, ತರುವುದಿಲ್ಲ ಎಂದೂ ಅನ್ನಲಿಲ್ಲ. ವಾಪಸು ಬರುವಾಗ ನಾನು ಏರಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದೆ.

ಖಂಡೇನವಮಿಯ ಮಧ್ಯಾಹ್ನ ಖಣಿಯಲ್ಲಿ ಕಾಯಿ ಒಡೆಯುವುದು ಕಂಟ್ರಾಕ್ಟರನ ಮರ್ಯಾದೆ. ಅಪ್ಪ ಹೊರಟಾಗ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ನಾನೂ ಬಂಡಿ ಹತ್ತಿದೆ. ದೊಡ್ಡ ಬಂಡೆಯ ಬುಡಕ್ಕೆ ಹಾರೆ, ಉಳಿ, ಸುತ್ತಿಗೆಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಹುಡುಗಿ ಹೊಸ ಲಂಗ ಉಟ್ಟು, ತಮ್ಮನನ್ನು ಯಾರಿಗೋ ಒಪ್ಪಿಸಿ, ದಾರಿ ನೋಡುತ್ತ ನಿಂತಿದ್ದಳು. ಅವನು ಬಂದ. ತಲೆಗೆ ಹೊಸ ರುಮಾಲು, ಕಂಕುಳಲ್ಲಿ ಉದ್ದನೆಯದೊಂದು ಗಂಟು. ಅದನ್ನು ಕಂಡೊಡನೆ ನನ್ನ ಕೈಯ ಬುಟ್ಟಿ ಭಾರವಾಯಿತು. ಸುತ್ತಿಗೆಯನ್ನೇ ತಂದಿದ್ದ.

ಅವನು ಗಂಟನ್ನು ಬಿಚ್ಚದೆ ಹಾಗೆಯೇ ಸಾಲಿನಲ್ಲಿ ಇಟ್ಟ. ಬಟ್ಟೆಯ ಮೇಲೆಯೇ ಅರಿಷಿಣ ಕುಂಕುಮ ಏರಿಸಿದರು. ಅಪ್ಪ ಕಾಯಿ ಒಡೆದರು. ಆಮೇಲೆ ಅವನು ನಿಧಾನವಾಗಿ ಬಿಚ್ಚಿದ.

ತಲೆ ಸಣ್ಣದೇ, ಮಕ್ಕಳದು. ಕಾವು ಮಾತ್ರ ದೊಡ್ಡ ಹೆಂಗಸಿಗೆ ಆಗುವಂಥದು. ಹುಡುಗಿಯ ಅವ್ವ ಅದನ್ನು ಮಗಳ ಮೊಣಕೈಗೆ ಹಚ್ಚಿ ಹಿಡಿದಳು. ಬೆರಳ ತುದಿ ದಾಟಿ ಅದು ಗೇಣಿಗಿಂತ ಹೆಚ್ಚು ಆಚೆ ಚಾಚಿತ್ತು.

ಒಬ್ಬಳು ಮುದುಕಿ ಮೊದಲು ಬಾಯಿ ತೆಗೆದಳು. "ಶಿಗ್ಗಾಂವಿ ನೀರಿಗೆ ಕೂಸುಗಳ ಕೈ ಇಷ್ಟುದ್ದ ಬೆಳೀತಾವೇನೋ?"

"ಅಂವಗ ಇರೂದು ಒಂದ ಕಣ್ಣು. ಅಳತಿ ತಪ್ಪೇತಿ ಬಿಡು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಅವನೂ ನಕ್ಕ.

"ನಮ್ಮಕ್ಕನ ಮಗಳು ಎತ್ತರಕ್ಕ ಬೆಳಿಯಾಕಿ. ನಾ ಮೋಟು ಕಾವು ಹಾಕಿ ಆಕೀನ ಮೋಟಾಕಿ ಮಾಡ್ಲೇನು?"

"ಕೊಯ್ಯೋಣ ತಾ," ಎಂದು ಹುಡುಗಿಯ ಅಪ್ಪ ಕೈ ಚಾಚಿದ.

"ಕಾಯಿ ಒಡದಾಗೇತಲ್ಲೋ ಮಾವಾ. ಪೂಜಿ ಆದ ಕಾವು ಕೊಯ್ತೀಯೇನು?" ಎಂದ ಸೋದರಮಾವ.

ಹುಡುಗಿಯ ಅಪ್ಪ ಚಾಚಿದ ಕೈಯಿಂದ ತಲೆ ಕೆರೆದುಕೊಂಡ. ನಮ್ಮ ಅಪ್ಪ ನನ್ನ ಕಡೆ ತಿರುಗಿ ನೋಡಿದರು. ನಾನು ಹೋಳಿಗೆ ಹಂಚತೊಡಗಿದೆ.

ಅತ್ತವಳು ಹುಡುಗಿ ಒಬ್ಬಳೇ. ಆ ಸುತ್ತಿಗೆ ಎತ್ತಲು ಹೋದಳು, ತುದಿ ಹಿಡಿದರೆ ತಲೆ ನೆಲಕ್ಕೆ ಜೋಲುತ್ತಿತ್ತು. ನಡುವೆ ಹಿಡಿದರೆ ಹಿಂದಿನ ಕಾವು ಹೊಟ್ಟೆಗೆ ತಿವಿಯುತ್ತಿತ್ತು. ಎರಡೂ ಕೈಯಿಂದ ಹಿಡಿದರೆ ಕಲ್ಲು ಒತ್ತಲು ಕೈ ಉಳಿಯುತ್ತಿರಲಿಲ್ಲ. ಮಾವನ ಕಾಲಿಗೆ ಗುದ್ದಿದಳು, ಹೋಳಿಗೆ ಕೊಡಲು ಹೋದ ನನ್ನ ಕೈ ತಳ್ಳಿದಳು. ಅದೇ ಸಾಲಿನಲ್ಲಿ ಇನ್ನಿಬ್ಬರು ಮಕ್ಕಳಿಗೂ ಆ ದಿನ ಸುತ್ತಿಗೆ ಬಂದಿತ್ತು. ಅವರ ಕಾವು ಅಳತೆಗೆ ಸರಿಯಾಗಿ ಕೂತಿತ್ತು. ಅವರು ಒಂದೊಂದು ಕಲ್ಲು ಒಡೆದು ಎಲ್ಲರಿಂದ ಶಾಬಾಸ್ ಅನ್ನಿಸಿಕೊಂಡರು. ಅವಳು ಅದನ್ನು ನೋಡುತ್ತ ಬಿಕ್ಕುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ.

ಬಂಡಿ ಹತ್ತುವಾಗ ಅವಳ ಅವ್ವ ಹತ್ತಿರ ಬಂದಳು. "ನೀವ ಹೇಳಿಕೊಟ್ರೇನ್ರಿ ಅಕ್ಕಾರ?"

"ಇಲ್ಲವಾ. ಇಷ್ಟು ನನಗ ತಿಳೀತಿದ್ದಿಲ್ಲ."

ಅವಳು ನಂಬಿದಳೋ ಇಲ್ಲವೋ. "ಸುಮ್ಮ ತಿರುಗಿದ್ರ ಕೆಡ್ತೈತಿ ಹುಡುಗಿ," ಎಂದಳು. "ಕೈ ಬೆಳಿಯೂ ತನಕಾ ಸುತಗಿ ನಾ ಹಿಡೀತೇನಿ, ಕಲ್ಲು ಮುನಿಯಾಂಗಿಲ್ಲ. ಆಕಿ ನಿಮ್ಮ ಸಾಲಿಗೆ ಹೋಗ್ಲಿ."

ಮಾಸ್ತರರು ಅವಳನ್ನು ಬಾಗಿಲ ಹತ್ತಿರ, ಉಳಿದವರಿಂದ ಬೇರೆ ಕೂಡಿಸಿದರು. ಅದಕ್ಕೂ ನಾನು ಜಗಳ ಆಡಬೇಕೆಂದಿದ್ದೆ, ಆದರೆ ಮೈಗೆ ಅರಿಷಿಣ ಬಿದ್ದಿತ್ತು, ಹೊರಗೆ ಹೋಗಗೊಡಲಿಲ್ಲ. ಮದುವೆಯ ಮುಂಚೆ ಒಂದೇ ಸಲ ನೋಡಿದೆ. ಬಾಗಿಲಲ್ಲಿದ್ದುದರಿಂದ ಅವಳಿಗೆ ಒಳಗಿನದೂ ಕಾಣುತ್ತಿತ್ತು, ರಸ್ತೆಯೂ ಕಾಣುತ್ತಿತ್ತು. ಬಂಡಿಯಲ್ಲಿ ಖಡಿ ಹೋದಾಗಲೆಲ್ಲ ಕತ್ತು ಹೊರಳಿಸುತ್ತಿದ್ದಳು. ನನ್ನೊಂದಿಗೆ ಮಾತಾಡಲಿಲ್ಲ.

ಆಮೇಲಿನದು ತವರಿಗೆ ಬಂದಾಗ ಕೇಳಿದ್ದು. ಅವಳು ಎರಡನೇ ಇಯತ್ತೆ ಪಾಸಾದಳಂತೆ, ಮೂರನೆಯದಕ್ಕೂ ಕೂತಿದ್ದಳಂತೆ. ರಸ್ತೆ ಮುಗಿಯಿತು. ಒಂದು ಬೆಳಿಗ್ಗೆ ಗುಡಿಸಲು ಬಿಚ್ಚಿಕೊಂಡು ಹೊರಟುಹೋದರು. ಸವಣೂರಿನ ಕಡೆ ಎಂದು ಅವ್ವ, ಅಲ್ಲ ಗದಗಿನ ಕಡೆ ಎಂದು ಅಪ್ಪ. ಅವಳ ಕೈ ಮೊದಲು ಬೆಳೆಯಿತೋ, ಅಕ್ಷರ ಮೊದಲು ಗಟ್ಟಿಯಾಯಿತೋ, ನನಗೆ ಯಾರೂ ಹೇಳಲಿಲ್ಲ.

ಹಿರೇಕೆರೂರಿನಿಂದ ಸವಣೂರಿಗೆ ಒಮ್ಮೆ ಅತ್ತೆಯವರ ಜೊತೆ ಅವರ ತಂಗಿಯ ಮನೆಗೆ, ದಾರಿಯಲ್ಲಿ ವಸತಿ ಮಾಡುತ್ತ, ಬಂಡಿಯಲ್ಲಿ ಹೊರಟಿದ್ದೆ. ಮಡಿಲಲ್ಲಿ ನನ್ನ ಮೊದಲನೆಯ ಕೂಸು. ಸವಣೂರು ಇನ್ನೇನು ಬಂತು ಅನ್ನುವಾಗ ರಸ್ತೆಯ ಬದಿಗೆ ಖಡಿಯ ಗುಂಪಿ, ಒಬ್ಬಳು ಹೆಂಗಸು, ಅವಳ ಬೆನ್ನಿಗೆ ಆತು ನಿಂತ ಹುಡುಗಿ. ಬೇರೆಯೇ ಜನ, ಬೇರೆಯೇ ಹುಡುಗಿ. ಮುಂದಿನ ಹಲ್ಲು ಒಂದು ಅಲ್ಲಾಡುತ್ತಿತ್ತು, ನಾಲಿಗೆಯಿಂದ ಅದನ್ನು ತಳ್ಳುತ್ತಿದ್ದಳು. ಬಂಡಿ ನಿಲ್ಲಿಸಿ ಇಳಿದೆ.

"ಈ ಕೂಸಿನ ಸೋದರಮಾವ ಎಲ್ಲಿರ್ತಾನವಾ?"

ಆ ಹೆಂಗಸು ನನ್ನ ರೇಷ್ಮೆ ಸೀರೆಯನ್ನೂ ಬಂಡಿಯನ್ನೂ ನೋಡಿದಳು. "ಯಾಕ್ರಿ ಅವ್ವಾರ, ಅಂವಗ ಹೆಣ್ಣು ಕೊಡಾವ್ರಿದ್ದೀರೇನು?"

ಹಿಂದಿನಿಂದ ಅತ್ತೆಯವರು ಬಿಸಿಲು ಏರಾಕತ್ತೈತಿ, ಬಂಡಿ ಹತ್ತು ಎಂದು ಕರೆಯುತ್ತಿದ್ದರು. ನಾನು ಕೂಸನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಗುಂಪಿಯ ಅಂಚಿಗೆ ಕುಳಿತೆ.

"ಹೆಣ್ಣಿನ ಮಾತು ಆಮ್ಯಾಲೆ," ಎಂದೆ. "ಮೊದ್ಲ ಊರು ಹೇಳು."